ಪಕ್ಕದ ಕೊಠಡಿಯ ಚರಿತ್ರೆ

ರಾಯಚೂರು ಜಿಲ್ಲೆಯಲ್ಲಿ ಹೆಸರಿನ ಕೊನೆಗೆ ‘ದಿನ್ನಿ’ ಎಂದು ಬರುವ ಊರುಗಳು ಹಲವು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಳಕಮದಿನ್ನಿ ಅವುಗಳಲ್ಲೊಂದು. ದಿನ್ನಿ ಎಂದರೆ ದಿಬ್ಬ, ಸುತ್ತಲಿನ ನೆಲಕ್ಕಿಂತ ತುಸು ಎತ್ತರದ ಜಾಗ. ಇಂಥದೊಂದು ಊರಿನ ಸರಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಬಂದರೂ ಅಕ್ಷರ ಕೂಡಿಸಲಾಗದ ಒಂದು ಮಗುವನ್ನು ಕಲ್ಪಿಸಿಕೊಳ್ಳೋಣ. ಅದಕ್ಕೆ ಕಿವಿ ಅರ್ಧ ಮಾತ್ರ ಕೇಳಿಸುತ್ತಿರಬಹುದು, ಕಣ್ಣು ಮಂದವಾಗಿರಬಹುದು ಅಥವಾ ಬುದ್ಧಿಯ ಬೆಳವಣಿಗೆ ನಿಧಾನವಾಗಿರಬಹುದು. ಹಾಸಿಗೆ ಹಿಡಿದ ಮಗುವಲ್ಲ. ನಡೆಯುತ್ತದೆ, ಆಡುತ್ತದೆ, ಅಂಗಡಿಗೆ ಹೋಗಿ ಉಪ್ಪು ತರುತ್ತದೆ. ಆದರೆ ಪಾಠ ಮಾತ್ರ ತಲೆಗೆ ಹತ್ತುವುದಿಲ್ಲ.

ಈ ಮಗು ಎಲ್ಲಿ ಕೂರಬೇಕು? ಎಲ್ಲರ ಜೊತೆ ಕೊನೆಯ ಸಾಲಿನಲ್ಲೇ? ಅದಕ್ಕೆಂದೇ ಇರುವ ಪಕ್ಕದ ಕೊಠಡಿಯಲ್ಲೇ? ಅಥವಾ ದನ ಕಾಯುತ್ತಾ ಮನೆಯಲ್ಲೇ? ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಜಗತ್ತಿನ ಶಿಕ್ಷಣ ವ್ಯವಸ್ಥೆಗಳು ಒಂದೂವರೆ ಶತಮಾನದಿಂದ ಇದಕ್ಕೆ ಉತ್ತರ ಹುಡುಕುತ್ತಿವೆ. ಆ ಹುಡುಕಾಟದ ಚರಿತ್ರೆಯನ್ನು ತಿಳಿಯದೆ ಇಂದಿನ ಕಾನೂನುಗಳನ್ನಾಗಲಿ, ನಮ್ಮ ಶಾಲೆಗಳ ಸ್ಥಿತಿಯನ್ನಾಗಲಿ ಅರ್ಥಮಾಡಿಕೊಳ್ಳುವುದು ಕಷ್ಟ.

ವಾಸ ಬೇರೆ, ಪಾಠ ಒಂದೇ

ಹಿಂದಿನ ಕಾಲದಲ್ಲಿ ವಿಕಲಚೇತನರಿಗೆ ವಿದ್ಯೆಯೇ ಇರಲಿಲ್ಲ ಎಂಬುದು ಪೂರ್ಣ ಸತ್ಯವಲ್ಲ. ಬಾಯಿಪಾಠವೇ ವಿದ್ಯೆಯ ಮುಖ್ಯ ದಾರಿಯಾಗಿದ್ದ ಕಾಲದಲ್ಲಿ ಕಣ್ಣಿಲ್ಲದವರು ಹಿಂದೆ ಬೀಳಬೇಕಾಗಿರಲಿಲ್ಲ. ಕುರ್‌ಆನನ್ನು ಕಂಠಪಾಠ ಮಾಡಿದ ಅಂಧ ಹಾಫಿಝರ ಪರಂಪರೆ ಮುಸ್ಲಿಮ್ ಜಗತ್ತಿನಲ್ಲಿ ಬಹಳ ಹಳೆಯದು. ಕೈರೋದ ಅಲ್ ಅಝ್‌ಹರ್‌ನಲ್ಲಿ 18ನೆಯ ಶತಮಾನದಲ್ಲಿ ಅಂಧ ವಿದ್ಯಾರ್ಥಿಗಳಿಗೆಂದೇ ಒಂದು ಪ್ರತ್ಯೇಕ ವಸತಿ ಕಟ್ಟಲಾಯಿತು. ಅವರ ವಾಸ ಬೇರೆ, ಆದರೆ ವಿದ್ಯೆ ಎಲ್ಲರದೇ ಆಗಿತ್ತು. ಈಜಿಪ್ಟಿನ ಹೆಸರಾಂತ ಲೇಖಕ ತಾಹಾ ಹುಸೇನ್ (1889-1973) ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡು, ಹಳ್ಳಿಯ ಮದ್ರಸದಲ್ಲಿ ಇತರ ಹುಡುಗರ ಜೊತೆ ಕಲಿತು, ಅಝ್‌ಹರ್ ಸೇರಿ, 1950ರಲ್ಲಿ ತಮ್ಮ ದೇಶದ ಶಿಕ್ಷಣ ಮಂತ್ರಿಯಾದರು.

ನಮ್ಮ ನಾಡಿನಲ್ಲಿ ಇದಕ್ಕೆ ಸಾಟಿಯಾದ ಉದಾಹರಣೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಹುಟ್ಟು ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892-1944) ಊರಿಂದೂರಿಗೆ ಸಂಚರಿಸುತ್ತಾ ಶಿಷ್ಯರಿಗೆ ಅನ್ನ, ಆಶ್ರಯ, ಸಂಗೀತ ಮೂರನ್ನೂ ಕೊಟ್ಟರು. ಅವರ ಬಳಿಕ ಪುಟ್ಟರಾಜ ಗವಾಯಿಗಳು (1914-2010) ಅದನ್ನು ಬೆಳೆಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪಂಚಾಕ್ಷರಿ ಗವಾಯಿಗಳ ಶಿಷ್ಯರಲ್ಲಿ ಅಂಧರೂ ಇದ್ದರು, ಬಸವರಾಜ ರಾಜಗುರು ಅವರಂಥ ಕಣ್ಣುಳ್ಳವರೂ ಇದ್ದರು. ಕಾಣದ ಗುರುವಿನ ಮುಂದೆ ಕಾಣುವವರೂ ಕಾಣದವರೂ ಕುಳಿತು ಕಲಿತರು. ಇಂದು ‘ಸಮನ್ವಯ ಶಿಕ್ಷಣ’ ಎಂದು ದೊಡ್ಡ ಹೆಸರಿನಿಂದ ಕರೆಯುವ ವಿಚಾರ ಗದಗಿನಲ್ಲಿ ಯಾವ ಹೆಸರೂ ಇಲ್ಲದೆ ನಡೆದಿತ್ತು.

ಆದರೆ ಇಂಥ ದಾರಿ ಎಲ್ಲರಿಗೂ ತೆರೆದಿರಲಿಲ್ಲ. ಸ್ಮರಣಶಕ್ತಿ, ಸ್ವರಜ್ಞಾನ ಇದ್ದವರಿಗೆ ಅದು ವರವಾಯಿತು. ಕಿವುಡ ಮಗುವಿಗೆ, ನಿಧಾನವಾಗಿ ಕಲಿಯುವ ಮಗುವಿಗೆ ಅಲ್ಲಿ ಸ್ಥಳವಿರಲಿಲ್ಲ.

ಕೊಠಡಿ ಹುಟ್ಟಿದ ಬಗೆ

19ನೆಯ ಶತಮಾನದಲ್ಲಿ ಯುರೋಪಿನ ದೇಶಗಳು ಶಿಕ್ಷಣವನ್ನು ಕಡ್ಡಾಯ ಮಾಡತೊಡಗಿದವು. ಅಲ್ಲಿಯವರೆಗೆ ಶಾಲೆಗೇ ಬಾರದಿದ್ದ ಬಡವರ, ಕಾರ್ಮಿಕರ ಮಕ್ಕಳು ತರಗತಿಗಳನ್ನು ತುಂಬಿದರು. ಒಬ್ಬ ಉಪಾಧ್ಯಾಯ, ಎದುರಿಗೆ ಅರವತ್ತೋ ಎಪ್ಪತ್ತೋ ಮಕ್ಕಳು. ಎಲ್ಲರೂ ಒಂದೇ ವರ್ಷದಲ್ಲಿ ಒಂದೇ ಪಾಠ ಮುಗಿಸಬೇಕು. ಈ ಓಟದಲ್ಲಿ ಹಿಂದುಳಿದ ಮಕ್ಕಳು ಆಗಲೇ ಮೊದಲ ಬಾರಿಗೆ ‘ಸಮಸ್ಯೆ’ಯಾಗಿ ಕಂಡರು. ಹೊಲದಲ್ಲಿ, ಮಗ್ಗದಲ್ಲಿ ಸಮಸ್ಯೆಯಾಗಿರದ ಮಗು ಶಾಲೆಯಲ್ಲಿ ಸಮಸ್ಯೆಯಾಯಿತು.

ಅವರಿಗಾಗಿ ಜರ್ಮನಿಯ ನಗರಗಳಲ್ಲಿ ‘ಸಹಾಯಕ ತರಗತಿ’ಗಳು ತೆರೆದವು. ಲಂಡನ್ನಿನಲ್ಲಿ 1892ರಲ್ಲಿ, ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ 1896ರಲ್ಲಿ ಇಂಥ ತರಗತಿಗಳು ಪ್ರಾರಂಭವಾದವು. ಇವುಗಳ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಕಡಿಮೆ ಮಕ್ಕಳು, ನಿಧಾನದ ಪಾಠ, ಕೈಕೆಲಸ, ತಾಳ್ಮೆಯ ಶಿಕ್ಷಕಿ - ಇವೆಲ್ಲ ಮಗುವಿಗೆ ಬೇಕಾದವುಗಳೇ. ಆದರೆ ಉಳಿದ ಮಕ್ಕಳ ಓಟಕ್ಕೆ ಅಡ್ಡಿಯಾಗದಿರಲಿ ಎಂಬ ಇನ್ನೊಂದು ಉದ್ದೇಶವೂ ಅದರೊಳಗಿತ್ತು. ಪಕ್ಕದ ಕೊಠಡಿ ಹುಟ್ಟಿನಿಂದಲೇ ಎರಡು ಮುಖದ್ದು. ಒಂದು ಆಸರೆಯ ಮುಖ, ಇನ್ನೊಂದು ಹೊರಹಾಕುವ ಮುಖ.

ಹಾಗಾದರೆ ಯಾರನ್ನು ಆ ಕೊಠಡಿಗೆ ಕಳುಹಿಸಬೇಕು? ಫ್ರಾನ್ಸ್ ಸರಕಾರ 1904ರಲ್ಲಿ ಈ ಬಗ್ಗೆ ಒಂದು ಸಮಿತಿಯನ್ನು ನೇಮಿಸಿತು. ಅದರ ಸದಸ್ಯರಾಗಿದ್ದ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ತಮ್ಮ ಸಹೋದ್ಯೋಗಿ ಸಿಮೋನ್ ಜೊತೆ 1905ರಲ್ಲಿ ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆಯನ್ನು ರೂಪಿಸಿದರು. ಇಂದು ಪ್ರತಿಭಾವಂತರನ್ನು ಗುರುತಿಸಲು ಬಳಸುವ ಐಕ್ಯೂ ಪರೀಕ್ಷೆಯ ಮೂಲ ಇರುವುದು ಇಲ್ಲಿ. ಅದು ಹುಟ್ಟಿದ್ದು ಹಿಂದುಳಿದ ಮಕ್ಕಳಿಗೆ ನೆರವಾಗಲೆಂದು. ಬುದ್ಧಿ ಬದಲಾಗದ ವಸ್ತುವಲ್ಲ, ತಕ್ಕ ಶಿಕ್ಷಣದಿಂದ ಅದು ಬೆಳೆಯುತ್ತದೆ ಎಂದು ಬಿನೆ ನಂಬಿದ್ದರು. ಅವರ ಅಳತೆಗೋಲನ್ನು ಬಳಸಿದವರೆಲ್ಲ ಅವರ ನಂಬಿಕೆಯನ್ನು ಉಳಿಸಿಕೊಳ್ಳಲಿಲ್ಲ.

ಈ ಅಳತೆಗೋಲು ಕನ್ನಡಕ್ಕೂ ಬೇಗನೆ ಬಂತು. ಡಾ. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆ ಪರೀಕ್ಷೆಯನ್ನು ಮುಂಬೈ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ಬದಲಿಸಿದರು. ಭಾರತೀಯ ಮಕ್ಕಳ ಬುದ್ಧಿಶಕ್ತಿಯ ಅಳತೆಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1940ರಲ್ಲಿ ಪ್ರಕಟವಾಯಿತು. ‘ಬಿನೆ-ಕಾಮತ್ ಪರೀಕ್ಷೆ’ ದಶಕಗಳ ಕಾಲ ದೇಶದ ಆಸ್ಪತ್ರೆಗಳಲ್ಲಿ, ಮಾರ್ಗದರ್ಶನ ಕೇಂದ್ರಗಳಲ್ಲಿ ಬಳಕೆಯಲ್ಲಿತ್ತು. ಇಂಗ್ಲಿಷಿನ ಪ್ರಶ್ನೆಗಳನ್ನು ಹಾಗೆಯೇ ಕೇಳದೆ ಮಗುವಿನ ಭಾಷೆಯಲ್ಲಿ, ಮಗು ಕಂಡ ವಸ್ತುಗಳ ಮೂಲಕ ಕೇಳಬೇಕೆಂಬ ಅರಿವು ಅದರ ಹಿಂದಿತ್ತು. ಈ ಅರಿವು ಎಷ್ಟು ಮುಖ್ಯವೆಂಬುದು ಮುಂದೆ ಅಮೆರಿಕದ ನ್ಯಾಯಾಲಯಗಳಲ್ಲಿ ಸಾಬೀತಾಯಿತು.

ಕೊಠಡಿ ತುಂಬಿದವರು ಯಾರು?

ಅಮೆರಿಕದಲ್ಲಿ ಪ್ರತ್ಯೇಕ ತರಗತಿಗಳು 20ನೆಯ ಶತಮಾನದ ಮಧ್ಯಭಾಗದಲ್ಲಿ ಬಹಳ ಬೆಳೆದವು. ಆಗ ಈ ಕ್ಷೇತ್ರದಲ್ಲೇ ದುಡಿದ ಲಾಯ್ಡ್ ಡನ್ ಎಂಬ ವಿದ್ವಾಂಸರು 1968ರಲ್ಲಿ ಒಂದು ಲೇಖನ ಬರೆದು, ಸೌಮ್ಯ ಸ್ವರೂಪದ ಬುದ್ಧಿಮಾಂದ್ಯದ ಹೆಸರಿನಲ್ಲಿ ನಡೆಯುವ ಈ ತರಗತಿಗಳಲ್ಲಿ ಎಷ್ಟು ನ್ಯಾಯವಿದೆ ಎಂದು ಪ್ರಶ್ನಿಸಿದರು. ಅಲ್ಲಿ ತುಂಬಿದ್ದವರು ಬಹುಪಾಲು ಬಡವರ, ಕರಿಯರ, ಅಲ್ಪಸಂಖ್ಯಾತರ ಮಕ್ಕಳು.

ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಸ್ಪಾನಿಷ್ ಮಾತಾಡುವ ಒಂಬತ್ತು ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಬುದ್ಧಿಮಾಂದ್ಯರ ತರಗತಿಗೆ ಹಾಕಲಾಗಿತ್ತು. ಅವರನ್ನು ಸ್ಪಾನಿಷ್‌ನಲ್ಲಿ ಮರುಪರೀಕ್ಷೆ ಮಾಡಿದಾಗ ಬಹುತೇಕರು ಬುದ್ಧಿಮಾಂದ್ಯರೇ ಅಲ್ಲವೆಂದು ತಿಳಿಯಿತು. 1970ರಲ್ಲಿ ಆ ಮೊಕದ್ದಮೆ ಇತ್ಯರ್ಥವಾಗಿ, ಮಗುವನ್ನು ಅದರ ಮಾತೃಭಾಷೆಯಲ್ಲೇ ಪರೀಕ್ಷಿಸಬೇಕೆಂಬ ನಿಯಮ ಬಂತು. 1979ರಲ್ಲಿ ಅದೇ ರಾಜ್ಯದ ಇನ್ನೊಂದು ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಲಯವು ಐಕ್ಯೂ ಪರೀಕ್ಷೆಯ ಆಧಾರದ ಮೇಲೆ ಕರಿಯ ಮಕ್ಕಳನ್ನು ಇಂಥ ತರಗತಿಗೆ ತಳ್ಳುವುದನ್ನು ನಿಷೇಧಿಸಿತು.

ಇದು ದೂರದ ಕಥೆಯೆಂದು ನಾವು ಸುಮ್ಮನಿರಬಹುದೇ? ರಾಯಚೂರು ಸೀಮೆಯತ್ತ ನೋಡೋಣ. ಇಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ಮಗುವಿದೆ, ದಖನಿ ಉರ್ದು ಮಾತಾಡುವ ಮಗುವಿದೆ, ಲಂಬಾಣಿ ಮಾತಾಡುವ ತಾಂಡಾದ ಮಗುವಿದೆ, ತೆಲುಗು ಮಾತಾಡುವ ಮಗುವಿದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಕನ್ನಡದ ಮಕ್ಕಳು ಉರ್ದು ಮಾಧ್ಯಮದಲ್ಲಿ ತಡವರಿಸಿದರು. ಇಂದು ಲಂಬಾಣಿ ಮಗು ಕನ್ನಡದ ತರಗತಿಯಲ್ಲಿ ತಡವರಿಸುತ್ತದೆ. ಭಾಷೆ ಬಾರದ ಮಗುವನ್ನು ‘ಮಂದ’ ಎನ್ನುವುದು ಸುಲಭ. ನಿಜವಾಗಿ ನೆರವು ಬೇಕಾದ ಮಗುವನ್ನು ‘ಸೋಮಾರಿ’ ಎನ್ನುವುದೂ ಅಷ್ಟೇ ಸುಲಭ. ಮೊದಲನೆಯ ತಪ್ಪಿನಿಂದ ಒಂದು ಮಗು ಸಲ್ಲದ ಕೊಠಡಿಗೆ ಹೋಗುತ್ತದೆ. ಎರಡನೆಯ ತಪ್ಪಿನಿಂದ ಇನ್ನೊಂದು ಮಗು ಸಲ್ಲುವ ನೆರವಿನಿಂದ ವಂಚಿತವಾಗುತ್ತದೆ.

ಭಾರತ ನಡೆದ ದಾರಿ

ನಮ್ಮ ದೇಶದಲ್ಲಿ ಪಕ್ಕದ ಕೊಠಡಿಗಿಂತ ಮೊದಲು ಬಂದದ್ದು ಬೇರೆಯೇ ಶಾಲೆ. ಅಮೃತಸರದಲ್ಲಿ 1887ರಲ್ಲಿ ಅಂಧರ ಶಾಲೆ ಪ್ರಾರಂಭವಾಯಿತು. ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಕಿವುಡರ ಮತ್ತು ಅಂಧರ ಶಾಲೆಯನ್ನು ಸ್ಥಾಪಿಸಿದರು. ಮುಂಬೈಯಲ್ಲಿ 1944ರಲ್ಲಿ ಬುದ್ಧಿಮಾಂದ್ಯ ಮಕ್ಕಳಿಗಾಗಿ ಜೈ ವಕೀಲ್ ಶಾಲೆ ತೆರೆಯಿತು. ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆಯನ್ನು ಕಟ್ಟಿದರು. ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪ್ರಾರಂಭವಾಯಿತು. ಇವೆಲ್ಲ ನಗರಗಳಲ್ಲಿ ಬೆಳೆದ ಸಂಸ್ಥೆಗಳು. ಹಳ್ಳಿಯ ಮಗು ಅಲ್ಲಿಗೆ ಹೋಗಬೇಕಾದರೆ ಮನೆ ಬಿಡಬೇಕು, ಊರು ಬಿಡಬೇಕು.

ಸರಕಾರದ ಮಟ್ಟದಲ್ಲಿ 1944ರ ಸಾರ್ಜೆಂಟ್ ವರದಿಯು ಅಂಗವಿಕಲ ಮಕ್ಕಳ ಶಿಕ್ಷಣವನ್ನು ರಾಷ್ಟ್ರೀಯ ಶಿಕ್ಷಣದ ಭಾಗವೆಂದು ಪರಿಗಣಿಸಿತು. 1964-66ರ ಕೊಠಾರಿ ಆಯೋಗ ಅದನ್ನೇ ಇನ್ನಷ್ಟು ಸ್ಪಷ್ಟವಾಗಿ ಹೇಳಿತು. 1974ರಲ್ಲಿ ಕೇಂದ್ರ ಸರಕಾರ ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆಯನ್ನು ತಂದಿತು. ಇದರ ಮೂಲಕ ‘ಸಂಪನ್ಮೂಲ ಕೊಠಡಿ’ ಎಂಬ ವಿಚಾರ ನಮ್ಮ ಸಾಮಾನ್ಯ ಶಾಲೆಗಳಿಗೆ ಪರಿಚಯವಾಯಿತು. ಮಗು ಹಾಜರಿ ಹಾಕುವುದು ಎಲ್ಲರ ತರಗತಿಯಲ್ಲಿ. ದಿನದ ಸ್ವಲ್ಪ ಹೊತ್ತು ಮಾತ್ರ ವಿಶೇಷ ಶಿಕ್ಷಕರ ಬಳಿ ಬ್ರೈಲ್, ಮಾತಿನ ತರಬೇತಿ, ಲೆಕ್ಕದ ಅಭ್ಯಾಸ. ಬಳಿಕ ಮತ್ತೆ ಎಲ್ಲರ ನಡುವೆ. ಇದು ಕೊಠಡಿಯ ಎರಡು ಮುಖಗಳಲ್ಲಿ ಒಳ್ಳೆಯದನ್ನು ಮಾತ್ರ ಉಳಿಸಿಕೊಳ್ಳುವ ಪ್ರಯತ್ನವಾಗಿತ್ತು.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ಗೆರೆ ಎಳೆಯಿತು. ಸೌಮ್ಯ ನ್ಯೂನತೆಯ ಮಕ್ಕಳು ಸಾಧ್ಯವಿರುವಲ್ಲೆಲ್ಲ ಇತರರೊಂದಿಗೆ ಕಲಿಯಲಿ, ತೀವ್ರ ನ್ಯೂನತೆಯವರಿಗೆ ಜಿಲ್ಲಾ ಕೇಂದ್ರದಲ್ಲಿ ವಸತಿ ಸಹಿತ ವಿಶೇಷ ಶಾಲೆ ಇರಲಿ ಎಂದಿತು. ಕಾಗದದ ಮೇಲೆ ಇದು ಸರಿಯೇ. ಆದರೆ ಸೌಮ್ಯವೂ ಅಲ್ಲದ, ತೀವ್ರವೂ ಅಲ್ಲದ ‘ಮಧ್ಯಮ’ದ ಮಗು ಎಲ್ಲಿಗೆ ಹೋಗಬೇಕು? ಬುದ್ಧಿಸೂಚ್ಯಂಕ 50ರಿಂದ 69 ಇದ್ದರೆ ಸೌಮ್ಯ, 35ರಿಂದ 49 ಇದ್ದರೆ ಮಧ್ಯಮ ಎಂಬುದು ಪ್ರಮಾಣಪತ್ರದ ಲೆಕ್ಕವಾಗಿತ್ತು. 50 ಬಂದ ಮಗುವಿಗೂ 49 ಬಂದ ಮಗುವಿಗೂ ನಡುವೆ ದೇವರು ಯಾವ ಗೋಡೆಯನ್ನೂ ಕಟ್ಟಿಲ್ಲ.

1995ರ ಕಾಯಿದೆ ವಿಕಲಚೇತನ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಭರವಸೆ ಕೊಟ್ಟಿತು. ಆದರೆ ಅದು ಗುರುತಿಸಿದ್ದು ಏಳು ಬಗೆಯ ನ್ಯೂನತೆಗಳನ್ನು ಮಾತ್ರ. ಅಕ್ಷರಗಳನ್ನು ಗುರುತಿಸಲು ತೊಡಕುಪಡುವ, ಉಳಿದೆಲ್ಲದರಲ್ಲೂ ಚುರುಕಾಗಿರುವ ಮಗು ಆ ಪಟ್ಟಿಯಲ್ಲಿರಲಿಲ್ಲ. ಅಂಥ ಮಗು ಕಾನೂನಿನ ಕಣ್ಣಿಗೆ ಬೀಳಲು 2016ರ ಹೊಸ ಕಾಯಿದೆ ಬರಬೇಕಾಯಿತು. ಅದು 21 ಬಗೆಯ ನ್ಯೂನತೆಗಳನ್ನು ಗುರುತಿಸಿತು. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆಯುಳ್ಳ 6ರಿಂದ 18 ವಯಸ್ಸಿನ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕನ್ನು ಕೊಟ್ಟಿತು. ಇದರ ಹಿಂದೆ 1994ರ ಸಲಮಾಂಕಾ ಘೋಷಣೆಯ ಮತ್ತು ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯ ಪ್ರಭಾವವಿತ್ತು. ಮಗು ಶಾಲೆಗೆ ಹೊಂದಿಕೊಳ್ಳುವುದಲ್ಲ, ಶಾಲೆ ಮಗುವಿಗೆ ಹೊಂದಿಕೊಳ್ಳಬೇಕು ಎಂಬುದು ಅವುಗಳ ತಿರುಳು.

ರಾಯಚೂರಿಗೆ ಬಂದದ್ದೇನು?

ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ 1990ರ ದಶಕದ ನಡುವೆ ಕರ್ನಾಟಕಕ್ಕೆ ಬಂದಾಗ ಮೊದಲ ಹಂತದಲ್ಲಿ ಆಯ್ಕೆಯಾದದ್ದು ನಾಲ್ಕು ಜಿಲ್ಲೆಗಳು: ಬೆಳಗಾವಿ, ಕೋಲಾರ, ಮಂಡ್ಯ ಮತ್ತು ರಾಯಚೂರು. ಆ ಯೋಜನೆಗೆ ಮುಂದೆ ವಿಕಲಚೇತನ ಮಕ್ಕಳ ಶಿಕ್ಷಣವನ್ನೂ ಸೇರಿಸಲಾಯಿತು. 2001ರ ನಂತರ ಸರ್ವ ಶಿಕ್ಷಾ ಅಭಿಯಾನ ಯಾವ ಮಗುವನ್ನೂ ಶಾಲೆಯಿಂದ ತಿರಸ್ಕರಿಸಬಾರದೆಂಬ ನೀತಿಯನ್ನು ಸಾರಿತು. ಪ್ರತಿ ವಿಶೇಷ ಅಗತ್ಯದ ಮಗುವಿಗೆ ವರ್ಷಕ್ಕೆ 1200 ರೂಪಾಯಿಯ ತನಕ ವೆಚ್ಚಕ್ಕೆ ಅವಕಾಶವಿತ್ತು. ತಾಲೂಕಿನ ಸಂಪನ್ಮೂಲ ಕೇಂದ್ರಗಳಿಗೆ ‘ಬಿಐಇಆರ್‌ಟಿ’ ಎಂದು ಕರೆಯುವ ವಿಶೇಷ ಶಿಕ್ಷಕರು ಬಂದರು. ಶಾಲೆಗೆ ಬರಲು ತಯಾರಿ ಬೇಕಾದ ಮಕ್ಕಳಿಗೆ ಶಾಲಾ ಸಿದ್ಧತಾ ಕೇಂದ್ರ, ಮನೆ ಬಿಟ್ಟು ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣ ಎಂಬ ವ್ಯವಸ್ಥೆಗಳು ಬಂದವು. ನಮ್ಮ ಹಳ್ಳಿಗಾಡಿನಲ್ಲಿ ‘ಪಕ್ಕದ ಕೊಠಡಿ’ ಎಂದರೆ ಹೆಚ್ಚುಕಡಿಮೆ ಇದೇ.

ಯೋಜನೆ ಒಳ್ಳೆಯದು. ಆದರೆ ತಾಲೂಕೊಂದರ ಶಾಲೆಗಳು ನೂರಾರು, ವಿಶೇಷ ಶಿಕ್ಷಕರು ಬೆರಳೆಣಿಕೆಯಷ್ಟು. ಸುಪ್ರೀಮ್ ಕೋರ್ಟ್ 2021ರ ಅಕ್ಟೋಬರ್ ತಿಂಗಳ ತೀರ್ಪಿನಲ್ಲಿ ಪ್ರಾಥಮಿಕ ಹಂತದಲ್ಲಿ 10 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕೆಂಬ ಅನುಪಾತವನ್ನು ಸೂಚಿಸಿತು. ಹುದ್ದೆಗಳನ್ನು ಸೃಷ್ಟಿಸಿ ಖಾಯಂ ನೇಮಕಾತಿ ಮಾಡುವಂತೆ 2025ರಲ್ಲಿ ರಾಜ್ಯಗಳಿಗೆ ಮತ್ತೆ ಆದೇಶಿಸಬೇಕಾಯಿತು. ಆದೇಶ ಮತ್ತೆ ಬಂತೆಂದರೆ ಮೊದಲನೆಯದರ ಗತಿ ಏನಾಯಿತೆಂದು ಓದುಗರೇ ಊಹಿಸಬಹುದು.

ಇದರ ಜೊತೆಗೆ ಈ ಸೀಮೆಯ ಬದುಕಿನ ಕಷ್ಟಗಳಿವೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ 60ನ್ನೂ ಮುಟ್ಟಿರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರಿನ ಭತ್ತದ ಗದ್ದೆಗಳು ಒಂದು ಕಡೆಯಾದರೆ, ಮಳೆಯನ್ನೇ ನಂಬಿದ ಒಣಭೂಮಿ ಇನ್ನೊಂದು ಕಡೆ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಬೆಂಗಳೂರಿನತ್ತ ಗುಳೆ ಹೋಗುತ್ತವೆ. ಎಲ್ಲ ಮಕ್ಕಳ ಓದೂ ಆಗ ತುಂಡಾಗುತ್ತದೆ. ಆದರೆ ಆರು ತಿಂಗಳು ಕಷ್ಟಪಟ್ಟು ಹಣ ಎಣಿಸಲು ಕಲಿತ, ಮೂತ್ರಕ್ಕೆ ಹೋಗಬೇಕೆಂದು ಹೇಳಲು ಕಲಿತ ಮಗುವಿಗೆ ಆ ತುಂಡಿನ ಬೆಲೆ ದೊಡ್ಡದು. ಕಲಿತದ್ದು ಅಳಿಸಿಹೋಗುತ್ತದೆ. ಹೆಣ್ಣು ಮಗುವಾದರೆ ಇನ್ನೊಂದು ಭಯ. ಕಾಪಾಡಿಕೊಳ್ಳಲಾರದವಳನ್ನು ದೂರದ ಕೇಂದ್ರಕ್ಕೆ ಯಾರ ಜೊತೆ ಕಳುಹಿಸುವುದು? ತಾಯಿ ದಿನಗೂಲಿ ಬಿಟ್ಟು ಬರಬೇಕು. ಬರದಿದ್ದರೆ ಮಗಳು ಮನೆಯಲ್ಲೇ.

ಗೋಡೆಯಲ್ಲ, ಬಾಗಿಲು

ಹಾಗಾದರೆ ಪ್ರತ್ಯೇಕ ಕೊಠಡಿಯನ್ನೇ ಮುಚ್ಚಿಬಿಡಬೇಕೇ? ಆತುರದ ಉತ್ತರ ಬೇಡ. ಕಿವುಡ ಮಗುವೊಂದು ಐವತ್ತು ಮಾತಾಡುವ ಮಕ್ಕಳ ನಡುವೆ ಸನ್ನೆಭಾಷೆ ಬಲ್ಲ ಒಬ್ಬ ಜೊತೆಗಾರನೂ ಇಲ್ಲದೆ ಕೂತರೆ ಅದನ್ನು ಸಮನ್ವಯ ಎನ್ನಲಾಗದು. ಅದು ಗುಂಪಿನೊಳಗಿನ ಒಂಟಿತನ. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವೊಂದು ಕಿವುಡರ ಶಾಲೆಗಳಲ್ಲಿ ಸನ್ನೆಭಾಷೆ ಕೂಡದೆಂದು ನಿರ್ಣಯಿಸಿದ್ದರಿಂದ ಹಲವು ತಲೆಮಾರುಗಳು ಭಾಷೆಯಿಲ್ಲದೆ ಬೆಳೆದವು. ಆ ಮಕ್ಕಳಿಗೆ ತಮ್ಮಂಥವರ ಸಂಗವೂ ಬೇಕು, ಎಲ್ಲರ ಸಂಗವೂ ಬೇಕು. ಮಧ್ಯಮ ಬುದ್ಧಿಮಾಂದ್ಯದ ಮಗುವಿಗೆ ಇತಿಹಾಸದ ಇಸವಿಗಳಿಗಿಂತ ಬಸ್ಸಿನ ಬೋರ್ಡು ಗುರುತಿಸುವುದು, ಚಿಲ್ಲರೆ ಎಣಿಸುವುದು, ಗಡಿಯಾರ ನೋಡುವುದು ಮುಖ್ಯ. ಅದಕ್ಕೆ ಶಾಂತವಾದ ಸ್ಥಳ, ತರಬೇತಾದ ಶಿಕ್ಷಕಿ, ದಿನದಲ್ಲಿ ಒಂದೆರಡು ತಾಸು ಬೇಕೇ ಬೇಕು.

ಪ್ರತ್ಯೇಕ ಕೊಠಡಿಯಿಂದ ಎಲ್ಲ ಮಕ್ಕಳಿಗೂ ಲಾಭವಾದ ಚರಿತ್ರೆಯೂ ಇದೆ. ಮರಿಯಾ ಮಾಂಟೆಸರಿ ರೋಮ್ ನಗರದಲ್ಲಿ ಬುದ್ಧಿಮಾಂದ್ಯ ಮಕ್ಕಳಿಗೆ ಕಲಿಸುತ್ತಾ ಕಂಡುಕೊಂಡ ವಿಧಾನಗಳನ್ನೇ 1907ರಲ್ಲಿ ತೆರೆದ ತಮ್ಮ ಶಿಶುಮಂದಿರಕ್ಕೆ ತಂದರು. ಇಂದು ಶ್ರೀಮಂತರು ದುಬಾರಿ ಶುಲ್ಕ ತೆತ್ತು ಮಕ್ಕಳನ್ನು ಸೇರಿಸುವ ಮಾಂಟೆಸರಿ ಶಾಲೆಗಳ ಬೇರು ಸಮಾಜ ಕೈಬಿಟ್ಟಿದ್ದ ಮಕ್ಕಳ ಕೊಠಡಿಯಲ್ಲಿದೆ. ನಮ್ಮಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ‘ನಲಿ-ಕಲಿ’ ಪದ್ಧತಿ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಕೆಯ ಏಣಿ ಏರಲಿ ಎಂದಿತು. ಅದು ವಿಕಲಚೇತನರಿಗೆಂದು ರೂಪುಗೊಂಡದ್ದಲ್ಲ. ಆದರೆ ಏಣಿಯ ಮೇಲೆ ಎಲ್ಲರೂ ಬೇರೆ ಬೇರೆ ಮೆಟ್ಟಿಲಲ್ಲಿ ನಿಂತಿರುವಾಗ ಒಂದು ಮೆಟ್ಟಿಲು ಕೆಳಗಿರುವ ಮಗು ಅವಮಾನಕ್ಕೆ ಗುರಿಯಾಗುವುದಿಲ್ಲ. ಸಾಮಾನ್ಯ ತರಗತಿ ಹೀಗೆ ಬದಲಾದಷ್ಟೂ ಪಕ್ಕದ ಕೊಠಡಿಗೆ ಹೋಗಬೇಕಾದ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತದೆ.

ಚರಿತ್ರೆ ನಮಗೆ ಕಲಿಸುವುದು ಇಷ್ಟು. ಕೊಠಡಿ ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಅದರ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆಯೇ ಎಂಬುದೇ ಪ್ರಶ್ನೆ. ಒಳಗೆ ಹೋದ ಮಗು ಹೊರಗೆ ಬರುವ ದಿನವನ್ನು ಯಾರಾದರೂ ನಿಗದಿ ಮಾಡಿದ್ದಾರೆಯೇ? ಅದನ್ನು ಒಳಗೆ ಕಳುಹಿಸುವ ಮೊದಲು ಕಿವಿ, ಕಣ್ಣು ಪರೀಕ್ಷಿಸಲಾಗಿದೆಯೇ? ಪ್ರಶ್ನೆಗಳನ್ನು ಮಗುವಿನ ಮನೆಮಾತಿನಲ್ಲಿ ಕೇಳಲಾಗಿದೆಯೇ? ತಂದೆತಾಯಿಗೆ ತಿಳಿಯುವ ಮಾತಿನಲ್ಲಿ ವಿವರಿಸಲಾಗಿದೆಯೇ? ಮಧ್ಯಾಹ್ನದ ಬಿಸಿಯೂಟಕ್ಕೆ, ಆಟಕ್ಕೆ, ಪ್ರಾರ್ಥನೆಗೆ, ಪ್ರವಾಸಕ್ಕೆ ಆ ಮಗು ಎಲ್ಲರ ಜೊತೆಗಿದೆಯೇ?

ಈ ಪ್ರಶ್ನೆಗಳನ್ನು ಕೇಳಲು ನಾವು ತಜ್ಞರಾಗಬೇಕಿಲ್ಲ. ಪ್ರತಿ ಶಾಲೆಯಲ್ಲೂ ಪಾಲಕರಿರುವ ಉಸ್ತುವಾರಿ ಸಮಿತಿ ಇದೆ. ಮಸೀದಿಯ ಜಮಾಅತ್, ಮಠ, ಸಂಘ, ಸ್ತ್ರೀಶಕ್ತಿ ಗುಂಪು ಎಲ್ಲ ಊರಲ್ಲೂ ಇವೆ. ಗುಳೆ ಹೋಗುವ ಮನೆಯ ಮಗುವನ್ನು ಊರಲ್ಲೇ ಉಳಿಸಿಕೊಂಡು ನೋಡಿಕೊಳ್ಳುವುದು, ವಾರಕ್ಕೊಮ್ಮೆ ನಾಲ್ಕು ಮಕ್ಕಳನ್ನು ಒಂದೇ ಆಟೋದಲ್ಲಿ ತಾಲೂಕಿನ ಕೇಂದ್ರಕ್ಕೆ ಕರೆದೊಯ್ಯುವುದು, ಪ್ರಮಾಣಪತ್ರಕ್ಕಾಗಿ ಅಲೆಯುವ ತಾಯಿಯ ಜೊತೆ ಒಬ್ಬರು ಹೋಗುವುದು - ಇವು ದೊಡ್ಡ ದಾನ ಬೇಡುವ ಕೆಲಸಗಳಲ್ಲ. ಕರ್ನಾಟಕದಲ್ಲಿ 2011ರ ಜನಗಣತಿ ಗುರುತಿಸಿದ ವಿಕಲಚೇತನರು 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಪ್ರತಿಯೊಬ್ಬರೂ ಯಾವುದೋ ಒಂದು ಊರಿನವರು, ಯಾರದೋ ನೆರೆಯವರು. ಕಾನೂನು ಕೊಟ್ಟ ಹಕ್ಕನ್ನು ಆ ನೆರೆಮನೆಯ ತನಕ ತಲುಪಿಸುವುದು ನೆರೆಯವರಾದ ನಮ್ಮ ಕೆಲಸ.